ಮನುಷ್ಯನು ದೇವರಾದ ಬಗೆ: ಪ್ರಾಚೀನ ಇರಾಕಿನ ಅರಸರು, ವೀರರು ಮತ್ತು ಅವರ ಗುಡಿಗಳು

ಪ್ರವಾದಿ ಇಬ್ರಾಹೀಮ್(ಅ)ರ ಚರಿತ್ರೆಯನ್ನು ಮಕ್ಕಳಿಗೆ ಪಾಠ ಹೇಳುವಾಗ ಪ್ರತಿ ವರ್ಷವೂ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ. ತಮ್ಮ ಕೈಯಿಂದಲೇ ಕೆತ್ತಿದ ಪ್ರತಿಮೆಗಳಿಗೆ ಜನರು ತಲೆಬಾಗುತ್ತಿದ್ದರು, ತಮ್ಮಂತೆಯೇ ಉಂಡು ಮಲಗುವ ಅರಸನನ್ನು ಜೀವ ಮರಣಗಳ ಒಡೆಯನೆಂದು ನಂಬುತ್ತಿದ್ದರು ಎಂದು ಹೇಳಿದೊಡನೆ ಯಾವುದಾದರೊಂದು ಮಗು ಎದ್ದು ನಿಂತು, "ಉಸ್ತಾದ್, ಅವರಿಗೆ ಅಷ್ಟೂ ಬುದ್ಧಿ ಇರಲಿಲ್ಲವೇ?" ಎಂದು ಕೇಳುತ್ತದೆ. ಬಹಳ ಕಾಲ ನಾವು ಇದಕ್ಕೆ ಸುಲಭದ ಉತ್ತರವನ್ನೇ ಕೊಡುತ್ತಿದ್ದೆವು. ಅವರು ಅಜ್ಞಾನಿಗಳಾಗಿದ್ದರು ಎಂದು ಹೇಳಿ ಪುಟ ತಿರುವುತ್ತಿದ್ದೆವು.

ಆ ನಾಡಿನ ಇತಿಹಾಸವನ್ನು ಓದುತ್ತಾ ಹೋದಂತೆ ಈ ಉತ್ತರವು ಸರಿಯಲ್ಲವೆಂದು ನಮಗೆ ಮನವರಿಕೆಯಾಯಿತು. ಪ್ರವಾದಿ ಇಬ್ರಾಹೀಮ್(ಅ)ರು ಹುಟ್ಟಿ ಬೆಳೆದರೆಂದು ನಮ್ಮ ಇತಿಹಾಸಕಾರರು ಹೇಳುವ ಇರಾಕಿನ ಆ ನೆಲ ಬರವಣಿಗೆಯ ತವರುಗಳಲ್ಲಿ ಒಂದು. ಕ್ರಿ.ಪೂ. 3200ರ ಸುಮಾರಿಗೆ ಉರುಕ್ ಪಟ್ಟಣದ ಲೆಕ್ಕಿಗರು ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಗುರುತುಗಳನ್ನು ಒತ್ತಿ ಧಾನ್ಯದ ಮತ್ತು ಕುರಿಗಳ ಲೆಕ್ಕವನ್ನು ಬರೆದಿಟ್ಟರು. ಇಂದು ನಾವು ಒಂದು ಗಂಟೆಯನ್ನು 60 ನಿಮಿಷಗಳಾಗಿ ಭಾಗಿಸುವುದೂ ಆ ನಾಡಿನ ಅರವತ್ತರ ಎಣಿಕೆಯ ಬಳುವಳಿಯೇ. ಇಂತಹ ಜನರನ್ನು ಬುದ್ಧಿಹೀನರೆನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯವಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಅವರು ದಡ್ಡರಾಗಿದ್ದುದರಿಂದ ದಾರಿ ತಪ್ಪಿದರು ಎಂದಾದರೆ, ಓದುಬರಹ ಬಲ್ಲ ನಮಗೆ ಅಂತಹ ಅಪಾಯವೇನೂ ಇಲ್ಲವೆಂದು ನಾವು ನೆಮ್ಮದಿಯಾಗಿ ಕುಳಿತುಬಿಡುತ್ತೇವೆ.

ಮನುಷ್ಯನನ್ನು ದೇವರ ಪೀಠಕ್ಕೆ ಏರಿಸಿದ ಸಂಗತಿಗಳು ಯಾವುವು? ಉಪಕಾರಿಯ ಬಗ್ಗೆ ಕೃತಜ್ಞತೆ, ಅಗಲಿಕೆಯ ದುಃಖ, ಗೆಲುವಿನ ಸಂಭ್ರಮ, ಅಧಿಕಾರದ ಭಯ ಮತ್ತು ಹೊಗಳಿಕೆಯ ಅಭ್ಯಾಸ. ಇವು ಇಲ್ಲದ ಮನುಷ್ಯ ಹೃದಯವೇ ಇಲ್ಲ. ಈ ಭಾವನೆಗಳು ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ನಾಗರಿಕತೆಯನ್ನು ಆ ಎತ್ತರಕ್ಕೆ, ಅಥವಾ ಆ ಆಳಕ್ಕೆ, ಒಯ್ದವು ಎಂಬುದನ್ನು ಅದೇ ಜನರು ಬರೆದಿಟ್ಟ ದಾಖಲೆಗಳ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಒಡೆಯನು ದೇವರು, ಅರಸನು ಮೇಲ್ವಿಚಾರಕ

ದಜ್ಲಾ ಮತ್ತು ಫುರಾತ್ ನದಿಗಳ ನಡುವಿನ ತಗ್ಗು ಬಯಲಿನಲ್ಲಿ ಐದು ಸಾವಿರ ವರ್ಷಗಳ ಹಿಂದೆ ಸುಮೇರ್ ಜನರ ಹಲವು ನಗರರಾಜ್ಯಗಳಿದ್ದವು. ಪ್ರತಿ ನಗರಕ್ಕೂ ಅದರದ್ದೇ ಆದ ದೇವತೆಯಿತ್ತು. ಊರ್ ಪಟ್ಟಣಕ್ಕೆ ಚಂದ್ರದೇವತೆ ನನ್ನಾ, ಉರುಕ್‌ಗೆ ಇನಾನ್ನಾ, ನಿಪ್ಪೂರಿಗೆ ಎನ್‌ಲಿಲ್, ಎರಿದುವಿಗೆ ಎನ್ಕಿ, ಹೀಗೆ. ನಗರದ ಹೊಲ, ಕಾಲುವೆ, ಕುರಿಮಂದೆ ಎಲ್ಲದರ ಯಜಮಾನನು ಆ ದೇವತೆಯೇ ಎಂಬುದು ಅವರ ನಂಬಿಕೆಯಾಗಿತ್ತು.

ಹಾಗಾದರೆ ಆಳುವವನು ಯಾರು? ಅವನಿಗೆ 'ಎನ್ಸಿ' ಎಂಬ ಬಿರುದಿತ್ತು. ದೇವತೆಯ ಆಸ್ತಿಯನ್ನು ನೋಡಿಕೊಳ್ಳುವ ಮೇಲ್ವಿಚಾರಕ ಎಂಬುದು ಅದರ ತಾತ್ಪರ್ಯ. ಇನ್ನೊಂದು ಬಿರುದು 'ಲುಗಲ್'. ಅದರ ನೇರ ಅರ್ಥ ದೊಡ್ಡ ಮನುಷ್ಯ ಎಂದಷ್ಟೇ. ಈ ಸಂಗತಿ ಗಮನಾರ್ಹವಾಗಿದೆ. ಬಹುದೇವಾರಾಧಕರಾಗಿದ್ದ ಆ ಜನರೂ ಆರಂಭದಲ್ಲಿ ತಮ್ಮ ಅರಸನನ್ನು ಮನುಷ್ಯನೆಂದೇ ಕರೆಯುತ್ತಿದ್ದರು. ಅವನು ಗುಡಿ ಕಟ್ಟಿಸುತ್ತಿದ್ದನು, ಇಟ್ಟಿಗೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ ರೂಪದಲ್ಲಿ ತನ್ನ ಚಿತ್ರವನ್ನು ಕೆತ್ತಿಸುತ್ತಿದ್ದನು. ಗುಡಿಯೊಳಗಿನ ಪೀಠ ಅವನದಾಗಿರಲಿಲ್ಲ.

ಸುಮೇರ್ ಜನರು ತಮ್ಮ ಅರಸರ ಒಂದು ಪಟ್ಟಿಯನ್ನೂ ಬರೆದಿಟ್ಟಿದ್ದಾರೆ. ಅದರ ಪ್ರಸಿದ್ಧ ಪ್ರತಿಯೊಂದು ನಾಲ್ಕು ಮುಖಗಳ ಮಣ್ಣಿನ ಕಂಬದ ರೂಪದಲ್ಲಿ ಇಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅರಸೊತ್ತಿಗೆಯು ಆಕಾಶದಿಂದ ಇಳಿದು ಬಂದಿತೆಂಬ ನಂಬಿಕೆಯೊಂದಿಗೆ ಆ ಪಟ್ಟಿ ಆರಂಭವಾಗುತ್ತದೆ. ಮೊದಲ ಅರಸ ಎರಿದುವಿನ ಅಲುಲಿಮ್ 28,800 ವರ್ಷ ಆಳಿದನಂತೆ. ಮಹಾಪ್ರಳಯಕ್ಕೆ ಮುಂಚಿನ ಎಂಟು ಅರಸರ ಆಳ್ವಿಕೆಯ ಒಟ್ಟು ಮೊತ್ತ 2,41,200 ವರ್ಷಗಳು. ಪ್ರಳಯದ ನಂತರ ಸಂಖ್ಯೆಗಳು ನಿಧಾನವಾಗಿ ಇಳಿಯುತ್ತವೆ. ಕಿಶ್ ನಗರದ ಎನ್‌ಮೆಬರಗೆಸಿ ಎಂಬ ಅರಸನಿಗೆ ಪಟ್ಟಿಯು 900 ವರ್ಷಗಳನ್ನು ಕೊಡುತ್ತದೆ.

ಇವೆಲ್ಲ ಬರೀ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಆ ಎನ್‌ಮೆಬರಗೆಸಿಯ ಹೆಸರನ್ನು ಕೆತ್ತಿದ ಕಲ್ಲಿನ ಪಾತ್ರೆಯ ಚೂರುಗಳು ದೊರೆತಿವೆ. ಅಂದರೆ ಅವನು ನಿಜವಾಗಿಯೂ ಬದುಕಿದ್ದ ಅರಸ. ಮನುಷ್ಯನು ನಿಜ, 900 ವರ್ಷ ಮಾತ್ರ ಜನರ ಸೇರ್ಪಡೆ. ಅದೇ ಪಟ್ಟಿಯಲ್ಲಿ ಉರುಕ್‌ನ ಅರಸರ ಸಾಲಿನಲ್ಲಿ ಲುಗಲ್‌ಬಂದ, ದುಮುಝಿ, ಗಿಲ್ಗಮೇಶ್ ಎಂಬ ಹೆಸರುಗಳಿವೆ. ಮೂವರೂ ಆ ಜನರ ಪುರಾಣದಲ್ಲಿ ವೀರರಾಗಿ ಅಥವಾ ದೇವತೆಗಳಾಗಿ ಕಾಣಿಸಿಕೊಳ್ಳುತ್ತಾರೆ. ಅರಸ, ವೀರ, ದೇವತೆ ಎಂಬ ಮೂರು ಕೋಣೆಗಳ ನಡುವಿನ ಬಾಗಿಲುಗಳು ಆಗಲೇ ತೆರೆದುಕೊಂಡಿದ್ದವು.

ಸಾವನ್ನು ಗೆಲ್ಲಲಾಗದ ವೀರ

ಗಿಲ್ಗಮೇಶನ ಹೆಸರು ಕ್ರಿ.ಪೂ. 2600ರ ಸುಮಾರಿನ ದೇವತೆಗಳ ಪಟ್ಟಿಯೊಂದರಲ್ಲಿಯೇ ಸೇರಿಹೋಗಿದೆ. ಅವನು ಉರುಕ್‌ನ ಅರಸನಾಗಿದ್ದಿರಬೇಕೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. ಅವನ ಮಹಾಕಾವ್ಯದ ಹಲಗೆಗಳು ಅಸ್ಸೀರಿಯದ ಅರಸ ಅಶುರ್‌ಬನಿಪಾಲನ ನಿನೆವೆಯ ಗ್ರಂಥಾಲಯದಲ್ಲಿ, ಇಂದಿನ ಮೋಸುಲ್ ಪಟ್ಟಣದ ಎದುರಿನಲ್ಲಿ, 19ನೇ ಶತಮಾನದಲ್ಲಿ ದೊರೆತವು. 1872ರಲ್ಲಿ ಲಂಡನ್ನಿನ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸನು ಅದರ ಪ್ರಳಯದ ಭಾಗವನ್ನು ಓದಿ ಜಗತ್ತಿಗೆ ತಿಳಿಸಿದನು.

ಕಾವ್ಯದ ಪ್ರಕಾರ ಗಿಲ್ಗಮೇಶನು ಮೂರರಲ್ಲಿ ಎರಡು ಪಾಲು ದೇವತೆ, ಒಂದು ಪಾಲು ಮನುಷ್ಯ. ಅವನ ತಾಯಿ ನಿನ್ಸುನ್ ಎಂಬ ದೇವತೆ. ಅವನು ದೇವದಾರು ಕಾಡಿನ ಕಾವಲುಗಾರ ಹುಂಬಾಬನನ್ನು ಕೊಲ್ಲುತ್ತಾನೆ, ಆಕಾಶದ ಗೂಳಿಯನ್ನು ಕೆಡವುತ್ತಾನೆ. ಆದರೆ ಅವನ ಪ್ರಾಣಸ್ನೇಹಿತ ಎಂಕಿದು ರೋಗಕ್ಕೆ ತುತ್ತಾಗಿ ಸಾಯುತ್ತಾನೆ. ಆಗ ಮಹಾವೀರನಿಗೆ ಮೊದಲ ಬಾರಿಗೆ ಸಾವಿನ ಭಯ ಹುಟ್ಟುತ್ತದೆ. ಅಮರತ್ವವನ್ನು ಹುಡುಕುತ್ತಾ ಅವನು ಭೂಮಿಯ ಅಂಚಿನವರೆಗೆ ಅಲೆಯುತ್ತಾನೆ. ಪ್ರಳಯದಿಂದ ಪಾರಾದ ಉತ್ನಪಿಶ್ತಿಮ್ ಎಂಬ ವೃದ್ಧನನ್ನು ಭೇಟಿಯಾಗುತ್ತಾನೆ. ಏಳು ರಾತ್ರಿ ನಿದ್ರೆಯನ್ನು ಗೆದ್ದು ತೋರಿಸು ಎಂದು ವೃದ್ಧನು ಹೇಳಿದರೆ, ಕುಳಿತಲ್ಲೇ ನಿದ್ರೆಗೆ ಜಾರುತ್ತಾನೆ. ಕೊನೆಗೆ ಯೌವನವನ್ನು ಮರಳಿಸುವ ಒಂದು ಗಿಡ ಕೈಗೆ ಸಿಕ್ಕರೂ, ಅವನು ಸ್ನಾನಕ್ಕಿಳಿದಾಗ ಅದನ್ನು ಹಾವೊಂದು ಕದ್ದೊಯ್ಯುತ್ತದೆ. ಬರಿಗೈಯಲ್ಲಿ ಊರಿಗೆ ಮರಳಿ ತನ್ನ ನಗರದ ಕೋಟೆ ಗೋಡೆಯನ್ನು ತೋರಿಸುತ್ತಾನೆ.

ತಾವೇ ದೇವತೆಗಳ ಪಟ್ಟಿಗೆ ಸೇರಿಸಿದ ವೀರನ ಬಗ್ಗೆ ಆ ಜನರು ಕಟ್ಟಿದ ಅತಿ ದೊಡ್ಡ ಕಾವ್ಯದ ತಿರುಳು ಅವನು ಸಾಯಲೇಬೇಕು ಎಂಬುದು. ನಿದ್ರೆಯನ್ನೂ ಗೆಲ್ಲಲಾಗದವನು ಸಾವನ್ನು ಹೇಗೆ ಗೆದ್ದಾನು ಎಂಬ ಪ್ರಶ್ನೆಯನ್ನು ಅವರೇ ಕೇಳಿಕೊಂಡರು. ಅಲ್ಲಾಹನಿಗೆ ತೂಕಡಿಕೆಯಾಗಲಿ ನಿದ್ರೆಯಾಗಲಿ ಇಲ್ಲವೆಂಬ ಆಯತುಲ್ ಕುರ್ಸಿಯ ಮಾತನ್ನು ಮನೆಮನೆಯಲ್ಲಿ ಓದುವ ನಮಗೆ ಈ ಪ್ರಸಂಗ ಬೇಗನೆ ಅರ್ಥವಾಗುತ್ತದೆ. ಮನುಷ್ಯನ ಸಹಜ ವಿವೇಕವು ಪುರಾಣದ ಮಧ್ಯದಲ್ಲಿಯೂ ಸಂಪೂರ್ಣವಾಗಿ ಆರಿಹೋಗಿರಲಿಲ್ಲ.

ಕೊಂಬಿನ ಕಿರೀಟ ಧರಿಸಿದ ಅರಸ

ಗಿಲ್ಗಮೇಶನಿಗೆ ದೈವತ್ವ ಸಿಕ್ಕಿದ್ದು ನೆನಪಿನ ಮೂಲಕ. ಬದುಕಿರುವಾಗಲೇ ದೇವರಾದವನು ಬೇರೊಬ್ಬ. ಅವನು ಅಕ್ಕಾದ್ ಸಾಮ್ರಾಜ್ಯದ ನರಾಮ್‌ಸಿನ್, ಆ ಸಾಮ್ರಾಜ್ಯವನ್ನು ಕಟ್ಟಿದ ಸಾರ್ಗೋನನ ಮೊಮ್ಮಗ. ಸುಮಾರು ಕ್ರಿ.ಪೂ. 2254ರಿಂದ 2218ರವರೆಗೆ ಆಳಿದವನು. ಮೆಸೊಪೊಟೇಮಿಯದ ಅರಸರಲ್ಲಿ ತನ್ನನ್ನು ದೇವರೆಂದು ಬರೆಸಿಕೊಂಡ ಮೊದಲಿಗನಾಗಿ ಇತಿಹಾಸವು ಇವನನ್ನು ಗುರುತಿಸುತ್ತದೆ.

ಇದು ಹೇಗೆ ನಡೆಯಿತೆಂಬುದಕ್ಕೆ ಅವನದೇ ಶಾಸನವಿದೆ. ಉತ್ತರ ಇರಾಕಿನ ಬಸ್ಸೆತ್ಕಿ ಎಂಬಲ್ಲಿ ದೊರೆತ ತಾಮ್ರದ ಪ್ರತಿಮೆಯ ಪೀಠದ ಮೇಲೆ ಅದನ್ನು ಕೆತ್ತಲಾಗಿದೆ. ರಾಜ್ಯದ ನಾಲ್ಕೂ ದಿಕ್ಕಿನವರು ಒಟ್ಟಾಗಿ ದಂಗೆ ಎದ್ದಾಗ ನರಾಮ್‌ಸಿನನು ಒಂದೇ ವರ್ಷದಲ್ಲಿ ಒಂಬತ್ತು ಯುದ್ಧಗಳನ್ನು ಗೆದ್ದನು. ತಮ್ಮ ನಗರವನ್ನು ಆಪತ್ತಿನಿಂದ ಉಳಿಸಿದ ಅವನನ್ನು ನಗರದ ದೇವರನ್ನಾಗಿ ಮಾಡಬೇಕೆಂದು ಅಕ್ಕಾದಿನ ಜನರು ಬೇರೆ ಬೇರೆ ಊರುಗಳ ದೊಡ್ಡ ದೇವತೆಗಳಲ್ಲಿ ಬೇಡಿಕೊಂಡರು, ಬಳಿಕ ನಗರದ ನಡುವೆ ಅವನಿಗೊಂದು ಗುಡಿ ಕಟ್ಟಿದರು ಎಂಬುದು ಆ ಶಾಸನದ ಸಾರಾಂಶ.

ಇಲ್ಲಿ ಅರಸನ ಜಾಣತನವನ್ನು ನೋಡಬೇಕು. ನಾನೇ ದೇವರು ಎಂದು ಅವನು ನೇರವಾಗಿ ಹೇಳುವುದಿಲ್ಲ. ಜನರೇ ಕೇಳಿಕೊಂಡರು, ದೇವತೆಗಳೇ ಒಪ್ಪಿದರು ಎನ್ನುತ್ತಾನೆ. ಜನರ ಕೃತಜ್ಞತೆ ನಿಜವೇ ಆಗಿದ್ದಿರಬಹುದು. ಆಪತ್ತಿನಲ್ಲಿ ಕಾಪಾಡಿದವನ ಮೇಲಿನ ಪ್ರೀತಿ ಸಹಜವಾದುದು. ಆ ಪ್ರೀತಿಗೆ ಒಂದು ಎಲ್ಲೆಯಿರಬೇಕಿತ್ತು. ಎಲ್ಲೆಯನ್ನು ಕಾಯಬೇಕಾದ ಅರಸನೇ ಅದನ್ನು ಅಳಿಸಿದನು.

ಬೆಣೆಯಾಕಾರದ ಆ ಲಿಪಿಯಲ್ಲಿ ದೇವತೆಗಳ ಹೆಸರಿನ ಮುಂದೆ ನಕ್ಷತ್ರದಂತಹ ಒಂದು ಗುರುತನ್ನು ಹಾಕುವ ರೂಢಿಯಿತ್ತು. ಅದನ್ನು 'ದಿಂಗಿರ್' ಎಂದು ಓದುತ್ತಿದ್ದರು. ಇನ್ನು ಮುಂದೆ ನರಾಮ್‌ಸಿನನ ಹೆಸರಿನ ಮುಂದೆಯೂ ಆ ಗುರುತು ಬಂದಿತು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಅವನ ವಿಜಯಸ್ತಂಭದಲ್ಲಿ ಅವನು ಸೈನಿಕರಿಗಿಂತ ದೊಡ್ಡ ಗಾತ್ರದಲ್ಲಿ ಬೆಟ್ಟವನ್ನು ಏರುತ್ತಿದ್ದಾನೆ. ಅವನ ತಲೆಯ ಮೇಲೆ ಅದುವರೆಗೆ ದೇವತೆಗಳಿಗಷ್ಟೇ ಮೀಸಲಾಗಿದ್ದ ಕೊಂಬಿನ ಕಿರೀಟವಿದೆ. ದೇವತೆಗಳು ಮೇಲ್ತುದಿಯಲ್ಲಿ ಬರೀ ನಕ್ಷತ್ರಗಳ ರೂಪದಲ್ಲಿ ಚಿಕ್ಕದಾಗಿ ಕಾಣಿಸುತ್ತಾರೆ.

ಆ ಸ್ತಂಭದ ಮುಂದಿನ ಕಥೆಯೂ ತಿಳಿದಿರಬೇಕಾದುದೇ. ಸಾವಿರ ವರ್ಷಗಳ ನಂತರ, ಕ್ರಿ.ಪೂ. 12ನೇ ಶತಮಾನದಲ್ಲಿ, ಈಗಿನ ಇರಾನಿನ ಏಲಾಮ್ ರಾಜ್ಯದ ಅರಸ ಶುತ್ರುಕ್ ನಹ್ಹುಂತೆ ಅದನ್ನು ಕೊಳ್ಳೆ ಹೊಡೆದು ತನ್ನ ರಾಜಧಾನಿ ಸೂಸಾಕ್ಕೆ ಒಯ್ದನು. 'ದೇವರ' ವಿಜಯಸ್ತಂಭದ ಮೇಲೆಯೇ ತನ್ನ ಗೆಲುವಿನ ಶಾಸನವನ್ನೂ ಕೆತ್ತಿಸಿದನು. ಬಸ್ಸೆತ್ಕಿಯ ಪ್ರತಿಮೆ 2003ರ ಯುದ್ಧದ ವೇಳೆ ಬಗ್ದಾದಿನ ವಸ್ತುಸಂಗ್ರಹಾಲಯದಿಂದ ಕಳವಾಗಿ, ಅದೇ ವರ್ಷ ಒಂದು ಕೊಳಚೆ ಗುಂಡಿಯಲ್ಲಿ ಪತ್ತೆಯಾಯಿತು. ನರಾಮ್‌ಸಿನನನ್ನು ದೇವರನ್ನಾಗಿ ಮಾಡಿಕೊಂಡ ಅಕ್ಕಾದ್ ನಗರ ಎಲ್ಲಿತ್ತೆಂಬುದು ಇಂದಿಗೂ ಖಚಿತವಾಗಿ ಪತ್ತೆಯಾಗಿಲ್ಲ. ಅವನ ಗುಡಿ ಯಾವ ಮಣ್ಣಿನ ಕೆಳಗಿದೆಯೋ ಅಲ್ಲಾಹನೇ ಬಲ್ಲ.

ಸ್ತೋತ್ರಗಳನ್ನು ಬರೆದು ಕಲಿತ ಮಕ್ಕಳು

ಅಕ್ಕಾದಿನ ಪತನದ ನಂತರ ಊರ್ ನಗರ ತಲೆಯೆತ್ತಿತು. ಊರ್‌ನಮ್ಮು ಎಂಬ ಅರಸನು ಚಂದ್ರದೇವತೆ ನನ್ನಾನಿಗಾಗಿ ಕಟ್ಟಿಸಿದ ಮೆಟ್ಟಿಲು ಗೋಪುರದ ಅವಶೇಷ ಇಂದಿಗೂ ದಕ್ಷಿಣ ಇರಾಕಿನ ನಾಸಿರಿಯ್ಯ ಪಟ್ಟಣದ ಸಮೀಪದಲ್ಲಿ ನಿಂತಿದೆ. ಅವನ ಮಗ ಶುಲ್ಗಿ 48 ವರ್ಷ ಆಳಿದನು. ಆಳ್ವಿಕೆಯ ಮೊದಲ ಭಾಗ ಕಳೆದ ಮೇಲೆ ಶುಲ್ಗಿಯ ಹೆಸರಿನ ಮುಂದೆಯೂ ದಿಂಗಿರ್ ಗುರುತು ಕಾಣಿಸಿಕೊಂಡಿತು. ಅವನ ಹೆಸರಿನಲ್ಲಿ ಹಬ್ಬವಾಯಿತು, ಪಂಚಾಂಗದ ಒಂದು ತಿಂಗಳಿಗೆ ಆ ಹಬ್ಬದ ಹೆಸರೇ ಬಂದಿತು.

ಶುಲ್ಗಿಯು ಖಡ್ಗಕ್ಕಿಂತ ಹೆಚ್ಚಾಗಿ ಕವಿಗಳನ್ನು ಬಳಸಿಕೊಂಡನು. ಅವನ ಕುರಿತ ಹಲವಾರು ಸ್ತೋತ್ರಗಳು ಉಳಿದುಬಂದಿವೆ. ಒಂದರಲ್ಲಿ ಅವನು ಒಂದೇ ದಿನದಲ್ಲಿ ನಿಪ್ಪೂರಿನಿಂದ ಊರ್‌ಗೆ ಓಡಿ, ಬಿರುಗಾಳಿ ಆಲಿಕಲ್ಲುಗಳ ನಡುವೆ ಮತ್ತೆ ನಿಪ್ಪೂರಿಗೆ ಮರಳಿ, ಎರಡೂ ಊರುಗಳ ಹಬ್ಬದಲ್ಲಿ ಪಾಲ್ಗೊಂಡನೆಂದಿದೆ. ಈ ಊರುಗಳ ನಡುವಿನ ದೂರ ಸುಮಾರು 150 ಕಿಲೋಮೀಟರ್. ಇತರ ಸ್ತೋತ್ರಗಳಲ್ಲಿ ಅವನು ನಿನ್ಸುನಳ ಮಗ, ಗಿಲ್ಗಮೇಶನ ಸಹೋದರ. ಹಳೆಯ ವೀರನ ಕೀರ್ತಿಯನ್ನು ಹೊಸ ಅರಸನು ವಂಶವೃಕ್ಷದ ಮೂಲಕ ತನ್ನದಾಗಿಸಿಕೊಂಡನು.

ಶಿಕ್ಷಕರಾದ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಶುಲ್ಗಿಯ ಈ ಸ್ತೋತ್ರಗಳು ಅವನ ನಂತರದ ಶತಮಾನಗಳಲ್ಲಿ ಪಾಠಶಾಲೆಗಳ ಪಠ್ಯವಾದವು. ನಿಪ್ಪೂರಿನಂತಹ ಪಟ್ಟಣಗಳಲ್ಲಿ ಬರವಣಿಗೆ ಕಲಿಯುವ ಮಕ್ಕಳು ಮಣ್ಣಿನ ಹಲಗೆಯ ಮೇಲೆ ಅವುಗಳನ್ನು ನಕಲು ಮಾಡುತ್ತಿದ್ದರು. ನಮಗೆ ಅವು ದೊರೆತಿರುವುದೂ ಬಹುಮಟ್ಟಿಗೆ ಆ ಮಕ್ಕಳ ಅಭ್ಯಾಸದ ಹಲಗೆಗಳಿಂದಲೇ. ಅಕ್ಷರದೊಂದಿಗೆ ಅತಿಸ್ತುತಿಯನ್ನೂ ಕಲಿತ ಮಗು ದೊಡ್ಡವನಾದ ಮೇಲೆ ಅದನ್ನು ಪ್ರಶ್ನಿಸುವುದು ಕಷ್ಟ.

ಶುಲ್ಗಿಯ ವಂಶದ ಶುಸಿನ್ ಎಂಬ ಅರಸನಿಗೆ ಎಶ್ನುನ್ನ ಎಂಬ ನಗರದಲ್ಲಿ ಅಲ್ಲಿನ ಅಧಿಕಾರಿಯೊಬ್ಬನು ಗುಡಿ ಕಟ್ಟಿಸಿದನು. ಅರಸನು ಬದುಕಿರುವಾಗಲೇ ಅಲ್ಲಿ ಅವನಿಗೆ ಪೂಜೆ ನಡೆಯಿತು. ಮುಂದಿನ ಅರಸ ಇಬ್ಬಿಸಿನನ ಕಾಲದಲ್ಲಿ ಊರ್‌ನ ಬಲ ಕುಗ್ಗಿ ಎಶ್ನುನ್ನ ಸ್ವತಂತ್ರವಾಯಿತು. ಆಗ ಆ ಗುಡಿಯನ್ನು ಯಾರೂ ಸುಡಬೇಕಾಗಲಿಲ್ಲ. ಪೂಜೆ ನಿಂತಿತು, ಕಟ್ಟಡವು ಪಕ್ಕದ ಅರಮನೆಯ ಇತರ ಬಳಕೆಗೆ ಒಳಗಾಯಿತು. ಅಧಿಕಾರ ಹೋದೊಡನೆ ದೈವತ್ವವೂ ಹೊರಟುಹೋಯಿತು. ಕ್ರಿ.ಪೂ. 2004ರ ಸುಮಾರಿಗೆ ಏಲಾಮಿನವರು ಊರ್ ನಗರವನ್ನು ಹಾಳುಗೆಡವಿ, ಇಬ್ಬಿಸಿನನನ್ನು ಸೆರೆಹಿಡಿದು ಒಯ್ದರು. ದಿಂಗಿರ್ ಗುರುತು ಅವನ ಹೆಸರಿನ ಮುಂದೆಯೂ ಇತ್ತು.

ಗ್ರಹಣ ಮತ್ತು ಬದಲಿ ಅರಸ

ಕಾಲಾನಂತರ ಬ್ಯಾಬಿಲೋನಿನ ಹಮ್ಮುರಾಬಿಯಂತಹ ಅರಸರು ಈ ವಿಷಯದಲ್ಲಿ ಹಿಂದೆ ಸರಿದರು. ಅವನ ಕಾನೂನುಗಳ ಪ್ರಸಿದ್ಧ ಶಿಲಾಸ್ತಂಭದಲ್ಲಿ ಸೂರ್ಯದೇವತೆ ಶಮಶ್ ಕುಳಿತಿದ್ದಾನೆ, ಅರಸನು ಕೈಯೆತ್ತಿ ವಿನಯದಿಂದ ಎದುರು ನಿಂತಿದ್ದಾನೆ. ಆದರೂ ಅರಸನ ಬದುಕು ಆಕಾಶಕ್ಕೆ ಅಂಟಿಕೊಂಡಿದೆ ಎಂಬ ನಂಬಿಕೆ ಅಳಿಯಲಿಲ್ಲ. ಗ್ರಹಣವಾದರೆ ಅದು ಅರಸನ ಮರಣದ ಮುನ್ಸೂಚನೆಯಾಗಬಹುದೆಂದು ಜ್ಯೋತಿಷಿಗಳು ಹೇಳುತ್ತಿದ್ದರು.

ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದರು. ಒಬ್ಬ ಸಾಮಾನ್ಯನನ್ನು ತಂದು ಸಿಂಹಾಸನದಲ್ಲಿ ಕೂರಿಸುತ್ತಿದ್ದರು. ಕೇಡು ಅವನಿಗೆ ತಗಲಲಿ ಎಂಬುದು ಉದ್ದೇಶ. ಅವಧಿ ಮುಗಿದ ಮೇಲೆ ಅವನನ್ನು ಕೊಲ್ಲುತ್ತಿದ್ದರು. ಅಸ್ಸೀರಿಯದ ಅರಸ ಎಸರ್‌ಹದ್ದೋನನ (ಕ್ರಿ.ಪೂ. 681–669) ಕಾಲದ ಪತ್ರಗಳಲ್ಲಿ ಈ ಆಚರಣೆಯ ವಿವರಗಳಿವೆ. ಆ ದಿನಗಳಲ್ಲಿ ನಿಜವಾದ ಅರಸನನ್ನು ಆಸ್ಥಾನದವರು ಪತ್ರಗಳಲ್ಲಿ ರೈತನೆಂದು ಸಂಬೋಧಿಸುತ್ತಿದ್ದರು.

ಇದಕ್ಕಿಂತಲೂ ಹಿಂದಿನ ಇಸಿನ್ ನಗರದ ಬಗ್ಗೆ ಒಂದು ವೃತ್ತಾಂತವಿದೆ. ಎರ್ರಾ‌ಇಮಿತ್ತಿ ಎಂಬ ಅರಸನು ಎನ್‌ಲಿಲ್‌ಬಾನಿ ಎಂಬ ತೋಟಗಾರನನ್ನು ಬದಲಿ ಅರಸನಾಗಿ ಕೂರಿಸಿದನಂತೆ. ಅಷ್ಟರಲ್ಲಿ ನಿಜವಾದ ಅರಸನೇ ಬಿಸಿ ಗಂಜಿಯನ್ನು ಹೀರುತ್ತಾ ಅರಮನೆಯಲ್ಲಿ ಸತ್ತುಹೋದನು. ತೋಟಗಾರನು ಸಿಂಹಾಸನದಿಂದ ಇಳಿಯಲಿಲ್ಲ. ಕಥೆಯ ಭಾಗ ದಂತಕಥೆಯಾಗಿರಬಹುದು. ಎನ್‌ಲಿಲ್‌ಬಾನಿ ಎಂಬ ಅರಸನು ಇಸಿನ್ನಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಆಳಿದ್ದು ಮಾತ್ರ ನಿಜ. ಅವನನ್ನು ಹೊಗಳುವ ಸ್ತೋತ್ರವೂ ರಚನೆಯಾಗಿ ಪಾಠಶಾಲೆಯ ಮಕ್ಕಳ ಕೈಗೆ ಸೇರಿತು. ಹೊಗಳಿಕೆಯು ವ್ಯಕ್ತಿಯ ಯೋಗ್ಯತೆಯನ್ನು ನೋಡುವುದಿಲ್ಲ, ಅವನು ಕುಳಿತ ಪೀಠವನ್ನು ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೆನಪು ಪೂಜೆಯಾಗುವ ದಾರಿ

ಅಧಿಕಾರವಿಲ್ಲದ ಸಜ್ಜನರೂ ದೇವತೆಗಳಾದುದುಂಟು. ಈಜಿಪ್ಟಿನ ಇಮ್ಹೋತೆಪ್ ಅಂತಹವನು. ಕ್ರಿ.ಪೂ. 2650ರ ಸುಮಾರಿಗೆ ಜೋಸೆರ್ ಎಂಬ ಅರಸನ ಬಳಿ ಹಿರಿಯ ಅಧಿಕಾರಿಯಾಗಿದ್ದನು. ಸಕ್ಕಾರದ ಮೆಟ್ಟಿಲು ಪಿರಮಿಡ್ ಅವನ ಯೋಜನೆಯೆಂದು ಪ್ರಸಿದ್ಧವಾಗಿದೆ. ಅವನು ಜ್ಞಾನಿಯೆಂದು ಜನರು ತಲೆಮಾರುಗಳವರೆಗೆ ಗೌರವಿಸಿದರು. ಸುಮಾರು ಎರಡು ಸಾವಿರ ವರ್ಷಗಳ ನಂತರ ಅವನು ಪ್ತಾಹ್ ದೇವತೆಯ ಮಗನಾಗಿ, ರೋಗ ಗುಣಪಡಿಸುವ ದೇವತೆಯಾಗಿ ಗುಡಿಗಳಲ್ಲಿ ಪೂಜೆಗೊಳ್ಳುತ್ತಿದ್ದನು. ಅವನು ಅದನ್ನು ಕೇಳಿರಲಿಲ್ಲ. ಗೌರವವೇ ಕಾಲದೊಂದಿಗೆ ಬೆಳೆದು ಆ ರೂಪ ತಾಳಿತು.

ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಲೇಖಕ ಯೂಹೆಮೆರಸ್ ದೇವತೆಗಳೆಲ್ಲ ಒಂದು ಕಾಲದ ಅರಸರು ಮತ್ತು ಉಪಕಾರಿಗಳು ಎಂದು ವಾದಿಸಿದನು. ಇದು ಅರ್ಧ ಸತ್ಯ. ನನ್ನಾ ಚಂದ್ರನ ರೂಪ, ಶಮಶ್ ಸೂರ್ಯನ ರೂಪ. ಅವರು ಎಂದೂ ಮನುಷ್ಯರಾಗಿರಲಿಲ್ಲ. ಪ್ರಕೃತಿಯ ಶಕ್ತಿಗಳ ಆರಾಧನೆ ಒಂದು ದಾರಿ, ಮನುಷ್ಯರ ಆರಾಧನೆ ಇನ್ನೊಂದು ದಾರಿ. ಎರಡೂ ಪ್ರಾಚೀನ ಜಗತ್ತಿನಲ್ಲಿ ಹೆಣೆದುಕೊಂಡಿದ್ದವು. ಪ್ರವಾದಿ ಇಬ್ರಾಹೀಮ್(ಅ)ರ ಚರಿತ್ರೆಯಲ್ಲಿಯೂ ಪವಿತ್ರ ಕುರ್‌ಆನ್ ಎರಡನ್ನೂ ನಮ್ಮ ಮುಂದಿಡುತ್ತದೆ. ಒಂದೆಡೆ ಮುಳುಗಿಹೋಗುವ ನಕ್ಷತ್ರ, ಚಂದ್ರ, ಸೂರ್ಯರ ಪ್ರಸಂಗವಿದೆ. ಮತ್ತೊಂದೆಡೆ ತಾನೇ ಜೀವ ಕೊಡುವವನು, ಸಾಯಿಸುವವನು ಎಂದು ವಾದಿಸಿದ ಅರಸನ ಪ್ರಸಂಗವಿದೆ. ಕುರ್‌ಆನ್ ಆ ಅರಸನ ಹೆಸರನ್ನು ಹೇಳುವುದಿಲ್ಲ. ವ್ಯಾಖ್ಯಾನಕಾರರು ನಮ್ರೂದ್ ಎನ್ನುತ್ತಾರೆ. ಅವನನ್ನು ಶಾಸನಗಳ ಯಾವ ಅರಸನೊಂದಿಗೆ ಗುರುತಿಸಬೇಕೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅಂತಹ ವಾದ ಆ ನೆಲಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದನ್ನಂತೂ ಮೇಲಿನ ಶಾಸನಗಳು ತೋರಿಸುತ್ತವೆ.

ಸಜ್ಜನರ ನೆನಪು ಪೂಜೆಯಾದ ಬಗೆಯನ್ನು ನಮ್ಮ ಪರಂಪರೆಯೂ ತಿಳಿಸಿದೆ. ಪ್ರವಾದಿ ನೂಹ್(ಅ)ರ ಜನಾಂಗದ ವದ್ದ್, ಸುವಾಅ್, ಯಗೂಸ್, ಯಊಕ್, ನಸ್ರ್ ಎಂಬ ಐದು ವಿಗ್ರಹಗಳ ಬಗ್ಗೆ ಹಝ್ರತ್ ಇಬ್ನು ಅಬ್ಬಾಸ್(ರ)ರ ವಿವರಣೆಯೊಂದು ಸಹೀಹ್ ಬುಖಾರಿಯಲ್ಲಿದೆ. ಅವು ಆ ಜನಾಂಗದ ಸಜ್ಜನರ ಹೆಸರುಗಳಾಗಿದ್ದವು. ಅವರು ತೀರಿಕೊಂಡಾಗ, ಅವರು ಕುಳಿತುಕೊಳ್ಳುತ್ತಿದ್ದ ಸ್ಥಳಗಳಲ್ಲಿ ಜನರು ಪ್ರತಿಮೆಗಳನ್ನು ನಿಲ್ಲಿಸಿದರು. ಆ ತಲೆಮಾರು ಅವುಗಳನ್ನು ಪೂಜಿಸಲಿಲ್ಲ. ಅವರೂ ಅಳಿದು ಜ್ಞಾನವು ಮರೆಯಾದಾಗ ಪೂಜೆ ಆರಂಭವಾಯಿತು ಎಂಬುದು ಅದರ ಭಾವಾರ್ಥ.

ಇದನ್ನೇ ಇನ್ನಷ್ಟು ಆಳವಾಗಿ ಚಿಂತಿಸಿದವರು ಅಲ್‌ಬೀರೂನಿ. ಸುಮಾರು ಕ್ರಿ.ಶ. 1030ರಲ್ಲಿ ಭಾರತದ ಬಗ್ಗೆ ಬರೆದ ತಮ್ಮ ಗ್ರಂಥದಲ್ಲಿ ಅವರು ಪ್ರತಿಮೆಗಳ ಹುಟ್ಟಿನ ಕುರಿತು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಸಾಮಾನ್ಯ ಜನರ ಮನಸ್ಸು ಕಣ್ಣಿಗೆ ಕಾಣುವುದನ್ನೇ ಹಿಡಿದುಕೊಳ್ಳುತ್ತದೆ, ಗೌರವಾನ್ವಿತರ ಸ್ಮರಣೆಗಾಗಿ ಪ್ರತಿಮೆಗಳು ಹುಟ್ಟಿದವು, ಕಾಲ ಕಳೆದು ಮೂಲ ಕಾರಣ ಮರೆತುಹೋದಾಗ ಆಚರಣೆಯಷ್ಟೇ ಉಳಿಯಿತು ಎಂದು ಅವರು ವಿವರಿಸುತ್ತಾರೆ. ಇದಕ್ಕೆ ಅವರು ಕೊಡುವ ಉದಾಹರಣೆಯಿಂದ ನಾವು ಬೆಚ್ಚಿಬೀಳಬೇಕು. ಪ್ರವಾದಿವರ್ಯರ(ಸ) ಅಥವಾ ಮಕ್ಕಾ ಮತ್ತು ಕಅ್‌ಬಾದ ಚಿತ್ರವನ್ನು ಮಾಡಿ ಓದುಬರಹವಿಲ್ಲದ ಒಬ್ಬ ವ್ಯಕ್ತಿಗೆ ತೋರಿಸಿದರೆ, ಅವನು ಸಂತೋಷದಿಂದ ಅದನ್ನು ಚುಂಬಿಸಿ, ಕೆನ್ನೆಗೊತ್ತಿಕೊಂಡು, ಹಜ್ಜನ್ನೇ ನೆರವೇರಿಸುತ್ತಿರುವಂತೆ ಅದರ ಮುಂದೆ ಮಣ್ಣಿನಲ್ಲಿ ಹೊರಳಾಡಿಯಾನು ಎಂದಿದ್ದಾರೆ. ಅನ್ಯರ ಆಚಾರವನ್ನು ವಿವರಿಸುವಾಗ ಅವರು ಉದಾಹರಣೆಯನ್ನು ಸ್ವಂತ ಸಮುದಾಯದಿಂದ ತೆಗೆದುಕೊಂಡರು. ಒಬ್ಬ ಪ್ರಾಮಾಣಿಕ ವಿದ್ವಾಂಸನ ಲಕ್ಷಣ ಅದು.

ಮದೀನಾದ ಗ್ರಹಣ

ಈಗ ಕ್ರಿ.ಶ. 632ರ ಜನವರಿ 27ಕ್ಕೆ ಬರೋಣ. ಆ ದಿನ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಅದೇ ದಿನ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಿದ್ದನು. ಜನರು ತಮ್ಮತಮ್ಮಲ್ಲೇ ಮಾತನಾಡಿಕೊಂಡರು: ಇಬ್ರಾಹೀಮನ ಮರಣದಿಂದಾಗಿ ಸೂರ್ಯನಿಗೆ ಗ್ರಹಣ ಹಿಡಿಯಿತು. ಆ ಮಾತಿನಲ್ಲಿ ಕಪಟವಿರಲಿಲ್ಲ. ಪ್ರೀತಿಯಿತ್ತು, ದುಃಖವಿತ್ತು. ಪುರಾಣಗಳು ಹುಟ್ಟುವುದು ಇಂತಹ ಗಳಿಗೆಯಲ್ಲಿಯೇ. ಶುಲ್ಗಿಯ ಕವಿಗಳಿಗೆ ಇಂತಹ ಒಂದು ದಿನ ಸಿಕ್ಕಿದ್ದರೆ ಎಷ್ಟು ಸ್ತೋತ್ರಗಳು ಹುಟ್ಟುತ್ತಿದ್ದವೋ!

ಅಂದು ಪ್ರವಾದಿವರ್ಯರು(ಸ) ಏನನ್ನೂ ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು, ಆ ಕಥೆ ತಾನಾಗಿಯೇ ಬೆಳೆಯುತ್ತಿತ್ತು. ಮಗನನ್ನು ಕಳೆದುಕೊಂಡ ದುಃಖದ ನಡುವೆಯೂ ಅವರು ನಮಾಝ್ ನಿರ್ವಹಿಸಿ, ಜನರನ್ನುದ್ದೇಶಿಸಿ ಮಾತನಾಡಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ, ಯಾರೊಬ್ಬರ ಮರಣಕ್ಕಾಗಲಿ ಜನನಕ್ಕಾಗಲಿ ಅವುಗಳಿಗೆ ಗ್ರಹಣವಾಗುವುದಿಲ್ಲವೆಂದೂ ತಿಳಿಸಿದರು. ಆಕಾಶಕ್ಕೂ ಅರಮನೆಗೂ ಸಾವಿರಾರು ವರ್ಷಗಳಿಂದ ಕಟ್ಟಿದ್ದ ಗಂಟು ಆ ಒಂದು ಮಾತಿನಲ್ಲಿ ಬಿಚ್ಚಿಕೊಂಡಿತು.

ಅದೇ ವರ್ಷ ಪ್ರವಾದಿವರ್ಯರು(ಸ) ನಿಧನರಾದಾಗ ಹಝ್ರತ್ ಉಮರ್(ರ)ರಂತಹ ಧೀರರಿಗೂ ಅದನ್ನು ನಂಬಲಾಗಲಿಲ್ಲ. ಆಗ ಹಝ್ರತ್ ಅಬೂಬಕ್ಕರ್(ರ)ರು ಮುಂದೆ ಬಂದು, ಮುಹಮ್ಮದರನ್ನು(ಸ) ಆರಾಧಿಸುತ್ತಿದ್ದವರು ಯಾರಾದರೂ ಇದ್ದರೆ ಅವರು ಮರಣ ಹೊಂದಿದ್ದಾರೆಂದು ತಿಳಿಯಲಿ, ಅಲ್ಲಾಹನನ್ನು ಆರಾಧಿಸುವವರಿಗೆ ಅವನು ಸದಾ ಜೀವಂತನೆಂದು ತಿಳಿದಿರಲಿ ಎಂಬ ಅರ್ಥದಲ್ಲಿ ಮಾತನಾಡಿದರು. ಅವರಿಗಿಂತ ಹೆಚ್ಚಾಗಿ ಪ್ರವಾದಿಯವರನ್ನು ಪ್ರೀತಿಸಿದವರು ಯಾರಿದ್ದರು? ಪ್ರೀತಿ ಮತ್ತು ಆರಾಧನೆಯ ನಡುವಿನ ಎಲ್ಲೆಯನ್ನು ಅತ್ಯಂತ ಹೆಚ್ಚು ಪ್ರೀತಿಸಿದವರೇ ಕಾಪಾಡಿದರು.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ಈಗ ಮಕ್ಕಳು ಅದೇ ಪ್ರಶ್ನೆಯನ್ನು ಕೇಳಿದಾಗ ನಾವು ಬೇರೆ ಉತ್ತರವನ್ನು ಕೊಡುತ್ತೇವೆ. ಅವರಿಗೆ ಬುದ್ಧಿಯಿತ್ತು, ನಿಮ್ಮಷ್ಟೇ ಇತ್ತು. ಹೊಗಳುವಾಗ ಎಲ್ಲಿ ನಿಲ್ಲಬೇಕೆಂಬುದನ್ನು ಅವರು ಮರೆತರು, ಮರೆತುದನ್ನು ನೆನಪಿಸುವವರ ಬಾಯನ್ನು ಮುಚ್ಚಿಸಿದರು ಎನ್ನುತ್ತೇವೆ.

ಈ ಉತ್ತರದಿಂದ ನಮ್ಮ ಮೇಲೂ ಒಂದು ಹೊಣೆ ಬೀಳುತ್ತದೆ. ನಮ್ಮ ಮಕ್ಕಳ ಮುಂದೆ ಸಿನಿಮಾ ನಟರು, ಆಟಗಾರರು, ನಾಯಕರು ಆಳೆತ್ತರದ ಚಿತ್ರಗಳಲ್ಲಿ ನಿಂತಿದ್ದಾರೆ. ಅವರನ್ನು ಮೆಚ್ಚುವುದು ತಪ್ಪಲ್ಲ. ಆದರೆ ಒಬ್ಬನು ತಪ್ಪು ಮಾಡಲಾರನೆಂದು, ಅವನನ್ನು ಪ್ರಶ್ನಿಸಬಾರದೆಂದು ನಂಬಿದಾಗ ದಿಂಗಿರ್ ಗುರುತನ್ನು ನಾವೂ ಬರೆಯತೊಡಗಿದ್ದೇವೆಂದು ತಿಳಿಯಬೇಕು. ನಮ್ಮ ಹಿರಿಯರ, ಗುರುಗಳ, ಸಜ್ಜನರ ಚರಿತ್ರೆಯನ್ನು ಹೇಳುವಾಗಲೂ ಅಷ್ಟೇ. ಅವರ ತ್ಯಾಗ, ವಿದ್ಯೆ, ಜನಸೇವೆಗಳನ್ನು ಹೇಳೋಣ. ಸಭೆಯ ಮೆಚ್ಚುಗೆಗಾಗಿ ಪ್ರತಿ ಬಾರಿಯೂ ಕಥೆಗೆ ಒಂದಷ್ಟು ಸೇರಿಸುತ್ತಾ ಹೋದರೆ, ನಮ್ಮ ಮೊಮ್ಮಕ್ಕಳ ಕೈಗೆ ತಲುಪುವುದು ಆ ಸಜ್ಜನರ ಬದುಕಲ್ಲ, 900 ವರ್ಷ ಆಳಿದ ಅರಸನ ಪಟ್ಟಿ. ವೇದಿಕೆಯ ಮೇಲೆ ಮಾತನಾಡುವ ನಾವು, ಶಿಕ್ಷಕರು, ಈ ತಪ್ಪನ್ನು ಮಾಡಿಯೇ ಇಲ್ಲವೆಂದು ಹೇಳಲಾರೆವು.

ಜೊತೆಗೆ ಇನ್ನೊಂದು ಮಾತು. ಈ ಇತಿಹಾಸವನ್ನು ತಿಳಿಯುವುದು ಇತರರ ನಂಬಿಕೆಗಳನ್ನು ಗೇಲಿ ಮಾಡುವುದಕ್ಕಲ್ಲ. ಇತರರು ಕರೆದು ಪ್ರಾರ್ಥಿಸುವವರನ್ನು ನಿಂದಿಸಬಾರದೆಂದು ಕುರ್‌ಆನ್ ಸ್ಪಷ್ಟವಾಗಿ ತಡೆದಿದೆ. ಅಲ್‌ಬೀರೂನಿಯವರಂತೆ ಮೊದಲು ಅರಿಯೋಣ, ಅರಿತುದನ್ನು ನ್ಯಾಯವಾಗಿ ಹೇಳೋಣ, ಉದಾಹರಣೆ ಬೇಕಾದಾಗ ನಮ್ಮ ಮನೆಯನ್ನೇ ಮೊದಲು ನೋಡಿಕೊಳ್ಳೋಣ.

ಗಿಲ್ಗಮೇಶನು ಹುಡುಕಿದ್ದು ಸಾವಿಲ್ಲದ ಬದುಕನ್ನು. ನರಾಮ್‌ಸಿನನು ಬಯಸಿದ್ದು ಅಳಿಯದ ಹೆಸರನ್ನು. ಒಬ್ಬನಿಗೆ ಹಾವು ಬಿಟ್ಟ ಬರಿಗೈ ಸಿಕ್ಕಿತು, ಇನ್ನೊಬ್ಬನ ಸ್ತಂಭದ ಮೇಲೆ ಶತ್ರುಗಳ ಹೆಸರು ಬಿದ್ದಿತು. ಪ್ರೀತಿಸಬೇಕಾದವರನ್ನು ಪ್ರೀತಿಸುವ, ಗೌರವಿಸಬೇಕಾದವರನ್ನು ಗೌರವಿಸುವ, ಆರಾಧನೆಯನ್ನು ಎಂದೂ ಅಳಿಯದ ಒಬ್ಬನಿಗೇ ಮೀಸಲಿಡುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.